ಗೋಡೆಯ ಕೈ

ಕ್ಲಬ್ಬಿನ ಬಾಗಿಲು ಕಾಯುತ್ತಿದ್ದ ಅವನನ್ನು ಎಲ್ಲರೂ ಗೋಡೆ ಎಂದೇ ಕರೆಯುತ್ತಿದ್ದರು. ಗಲಾಟೆ ಮಾಡಿದವರ ಕೊರಳಪಟ್ಟಿ ಹಿಡಿದು ಆಚೆ ಎಸೆಯುವುದು ಅವನ ಕೆಲಸ. ಹಲ್ಲು ಉದುರಿಸಿದ್ದಕ್ಕೆ ಸಂಬಳ ತರುವವನು ನಮ್ಮ ವಂಶದಲ್ಲೇ ನೀನೊಬ್ಬ ಎಂದು ಅಕ್ಕ ಕುಟುಕುತ್ತಿದ್ದಳು. ಒಮ್ಮೆ ಕುಡಿದು ತೂರಾಡುತ್ತಿದ್ದ ದರ್ಜಿಯೊಬ್ಬನನ್ನು ಮೆಟ್ಟಿಲ ಮೇಲಿಂದ ತಳ್ಳಿದ. ಬಿದ್ದವನು ಏಳಲಿಲ್ಲ. ಆದರೂ ಗೋಡೆ ಇಳಿದು ಹೋಗಿ ಮುಖಕ್ಕೆ ಒದ್ದ. ದರ್ಜಿಯ ಒಂದು ಕಣ್ಣು ಹೋಯಿತು. ಅವನೇ ಜಾರಿ ಬಿದ್ದದ್ದು ಎಂದು ಕ್ಲಬ್ಬಿನ ಮಾಲೀಕ ಪೊಲೀಸರನ್ನು ಸಾಗಹಾಕಿದ.

ಕ್ಲಬ್ಬಿನಲ್ಲಿ ಕುಣಿಯುವವರಿಗಾಗಿ ತಿರುಗುವ ಹಾಡಿನ ರೆಕಾರ್ಡನ್ನು ಬೆರಳಿಂದ ಉಜ್ಜಿ ಸದ್ದು ಹೊರಡಿಸುತ್ತಿದ್ದ ಹೆಂಗಸು ಯಾರ ಚಿಕ್ಕಮ್ಮನೂ ಅಲ್ಲ. ಆದರೂ ಎಲ್ಲರನ್ನೂ ಗದರುತ್ತಿದ್ದುದರಿಂದ ಅವಳಿಗೆ ಚಿಕ್ಕಮ್ಮ ಎಂದೇ ಹೆಸರು. ಅವಳ ಬೆರಳುಗಳ ಕೆಳಗೆ ರೆಕಾರ್ಡು ಹಿಂದೆ ಮುಂದೆ ಓಡುವುದನ್ನು ನೋಡಿ ನೋಡಿ ಗೋಡೆಗೆ ಹುಚ್ಚು ಹಿಡಿಯಿತು. ಗುಜರಿಯಿಂದ ಹಳೆಯ ರೆಕಾರ್ಡ್ ಪ್ಲೇಯರೊಂದನ್ನು ಹೊತ್ತು ತಂದ.

ಚಿಕ್ಕಮ್ಮ ಅದರ ಹೊಟ್ಟೆಯೊಳಗೆ ಇಣುಕಿ ನಕ್ಕಳು. "ಇದು ಬೆಲ್ಟಿಂದ ತಿರುಗೋದು. ಹಾಡು ಕೇಳೋಕೆ ಸರಿ. ಉಜ್ಜಿದ್ರೆ ಬೆಲ್ಟು ಜಾರತ್ತೆ."

ಮೋಟಾರೇ ನೇರವಾಗಿ ತಿರುಗಿಸುವ ತನ್ನ ಹಳೆಯ ಯಂತ್ರವನ್ನು ಅವಳು ಕಡ ಕೊಟ್ಟಳು. ಲೋಹದ ತಟ್ಟೆಯ ಮೇಲೆ ಜಾರುವ ಬಟ್ಟೆ, ಅದರ ಮೇಲೆ ರೆಕಾರ್ಡು. ಕೈ ರೆಕಾರ್ಡನ್ನು ತಡೆದರೂ ಕೆಳಗಿನ ತಟ್ಟೆ ತಿರುಗುತ್ತಲೇ ಇರಬೇಕು. ಪಕ್ಕದಲ್ಲಿ ಸದ್ದು ಬೆರೆಸುವ ಮಿಕ್ಸರು, ಅದರಲ್ಲಿ ಅತ್ತಿತ್ತ ಸರಿಸಿ ಸದ್ದನ್ನು ಕತ್ತರಿಸುವ ಸಣ್ಣ ಗುಂಡಿ, ಅದು ಇನ್ನೊಂದು ಕೈಗೆ. ಮಧ್ಯಾಹ್ನ ಖಾಲಿ ಕ್ಲಬ್ಬಿನಲ್ಲಿ ಪಾಠ ಶುರುವಾಯಿತು. ಗೋಡೆಯ ಕೈ ತಾಕಿದರೆ ಸಾಕು, ಸೂಜಿ ಎಗರಿ ರೆಕಾರ್ಡಿನ ಮೈ ಸೀಳುತ್ತಿತ್ತು.

"ಅದರ ಕತ್ತು ಹಿಸುಕಬೇಡ. ತಡಿ, ಬಿಡು. ಅಷ್ಟೇ," ಎನ್ನುತ್ತಿದ್ದಳು ಚಿಕ್ಕಮ್ಮ.

ಬೈಸಿಕೊಂಡು ಬೈಸಿಕೊಂಡು ಕೊನೆಗೊಂದು ದಿನ ಅವನ ಕೈಯಿಂದಲೂ ಹರಿತವಾದ ಸದ್ದು ಹೊರಟಿತು. ಆ ಗಾತ್ರದ ಗಂಡಸು ಮಗುವಿನಂತೆ ನಕ್ಕ.

ದರ್ಜಿಯ ತಮ್ಮ ಬಂದದ್ದು ಅಂಥದ್ದೇ ಒಂದು ಮಧ್ಯಾಹ್ನ. ಲಾರಿ ಮೆಕ್ಯಾನಿಕ್ ಅವನು. ಕೈಯಲ್ಲಿ ಕಬ್ಬಿಣದ ಸಲಾಕೆ. ಮಾತಿಲ್ಲ, ಕತೆಯಿಲ್ಲ. ಮೊದಲ ಏಟು ಗೋಡೆಯ ಭುಜಕ್ಕೆ, ಎರಡನೆಯದು ರೆಕಾರ್ಡಿನ ಮೇಲಿದ್ದ ಬಲಗೈಗೆ. ಮೂಳೆ ಮುರಿದದ್ದು ಮೂಲೆಯಲ್ಲಿದ್ದ ಚಿಕ್ಕಮ್ಮನಿಗೂ ಕೇಳಿಸಿತು. ರೆಕಾರ್ಡು ಚೂರಾಯಿತು. ಗೋಡೆ ಎಡಗೈಯಿಂದ ಲೋಹದ ತಟ್ಟೆಯನ್ನು ಕಿತ್ತು ಮೆಕ್ಯಾನಿಕ್ಕಿನ ದವಡೆಗೆ ಬೀಸಿದ. ಅವನು ನೆಲ ಕಚ್ಚಿದ. ಗೋಡೆ ಎದೆಯ ಮೇಲೆ ಕೂತು ಮತ್ತೆ ಬಡಿದ, ಮತ್ತೆ ಬಡಿದ. ರಕ್ತ ಸ್ಪೀಕರಿನವರೆಗೂ ಹಾರಿತು. ಗೋಡೆಗೆ ಮುರಿದ ಕೈಯ ನೋವಿರಲಿಲ್ಲ, ಒಂಥರಾ ಹಾಯೆನಿಸುತ್ತಿತ್ತು. ಚಿಕ್ಕಮ್ಮ ಮೈಕಿನ ಕಂಬ ಎತ್ತಿ ಅವನ ಬೆನ್ನಿಗೆ ಬಾರಿಸಿದಳು. ಅವನು ತಿರುಗಿಯೂ ನೋಡಲಿಲ್ಲ.

ಬಾಗಿಲಲ್ಲಿ ದರ್ಜಿ ನಿಂತಿದ್ದ. ತಮ್ಮನನ್ನು ತಡೆಯಲೆಂದು ಹಿಂದೆಯೇ ಓಡಿ ಬಂದು ಏದುಸಿರು ಬಿಡುತ್ತಿದ್ದ.

"ಸಾಕು ಬಿಡಪ್ಪ," ಎಂದ. "ನಮ್ಮಮ್ಮಂಗೆ ನನ್ನೊಬ್ಬನ್ನ ನೋಡಿ ಅಳೋದೇ ಸಾಕಾಗಿದೆ."

ಗೋಡೆಯ ಕೈ ಆಗ ನಿಂತಿತು.

ಮೆಕ್ಯಾನಿಕ್ ಬದುಕಿದ, ದವಡೆಗೆ ತಂತಿ ಬಿಗಿಸಿಕೊಂಡು ಬಹಳ ಕಾಲ ಗಂಜಿ ಕುಡಿದ. ಈ ಸಲ ಮಾಲೀಕನ ಆಟ ನಡೆಯಲಿಲ್ಲ. ಮೊದಲು ಹೊಡೆದವನು ಯಾರು, ಬಿದ್ದವನನ್ನು ಬಡಿದವನು ಯಾರು, ಹಳೆಯ ಮೆಟ್ಟಿಲಿನ ಸಂಗತಿ, ಎಲ್ಲವನ್ನೂ ಚಿಕ್ಕಮ್ಮ ಪೊಲೀಸರೆದುರು ಬಿಡಿಸಿಟ್ಟಳು. ಗೋಡೆ ಜೈಲಿಗೆ ಹೋದ. ಬಲಗೈಯ ಎರಡು ಬೆರಳು ಸೆಟೆದುಕೊಂಡವು.

ಹೊರಬಂದ ಮೇಲೆ ಅಕ್ಕನ ಮನೆಯಲ್ಲಿದ್ದುಕೊಂಡು ಗೋದಾಮಿನಲ್ಲಿ ಮೂಟೆ ಹೊತ್ತ, ಕೂಡಿಟ್ಟ ದುಡ್ಡಿನಲ್ಲಿ ಬೆಲ್ಟಿಲ್ಲದ ಸರಿಯಾದ ಯಂತ್ರವನ್ನೇ ಕೊಂಡ. ಒಂದು ಭಾನುವಾರ ಚಿಕ್ಕಮ್ಮನ ಮನೆಗೆ ಹೋದ. ಬಾಗಿಲು ಅರ್ಧವೇ ತೆರೆಯಿತು. ಅವಳು ಒಳಗೆ ಬಾ ಎನ್ನಲಿಲ್ಲ. ಮತ್ತೆ ಕಲಿಸುತ್ತೀರಾ ಎಂದು ಕೇಳಿದ.

"ಇಲ್ಲ," ಎಂದಳು. "ಆವತ್ತು ನಿನ್ನ ಮುಖ ನೋಡಿದೀನಿ. ನಂಗೆ ಈಗಲೂ ಭಯ."

ಅವನು ಮೆಟ್ಟಿಲಿಳಿದ. ಅವಳು ಹೇಳಿದ್ದು ಸುಳ್ಳಲ್ಲ ಎಂದು ಅವನಿಗೂ ಗೊತ್ತಿತ್ತು. ಮನೆಗೆ ಬಂದು ಎಡಗೈಯನ್ನು ರೆಕಾರ್ಡಿನ ಮೇಲಿಟ್ಟು, ಬಲಗೈಯ ಹೆಬ್ಬೆರಳಿನಿಂದ ಗುಂಡಿ ಸರಿಸಲು ನೋಡಿದ. ಸೂಜಿ ಎಗರಿತು. ಪಕ್ಕದ ಕೋಣೆಯಿಂದ ಅಕ್ಕ, ಅದೇನು ಕರ್ಕಶ ಎಂದು ಗೊಣಗಿದಳು. ಅವನು ಸದ್ದು ತಗ್ಗಿಸಿ, ಸೂಜಿಯನ್ನು ಮತ್ತೆ ಮೊದಲ ಗೆರೆಗೆ ಇಟ್ಟ.