ಪಕ್ಕದ ಹಾಸಿಗೆಯಾಕೆಯ ಗಂಟಲು

ತಪ್ಪು ತಿಳಿಯಬಾರದು, ಇಂಥದ್ದನ್ನೆಲ್ಲ ತೂಗಿ ನೋಡುವಷ್ಟು ಓದಿದವಳಲ್ಲ ನಾನು, ಆದರೂ ಅಕ್ಕನ ಆಕ್ಸಿಜನ್ ಮಾಸ್ಕಿನೊಳಗೆ ಆವಿ ಕಟ್ಟುತ್ತದೆ, ಕರಗುತ್ತದೆ, ಮತ್ತೆ ಕಟ್ಟುತ್ತದೆ, ಅದನ್ನೇ ನೋಡುತ್ತ ಕೂತರೆ ಮನಸ್ಸು ಸುಮ್ಮನಿರುತ್ತದೆಯೇ — ಮೊನ್ನೆ ಆ ಖಾಸಗಿ ಆಸ್ಪತ್ರೆಯ ಕೋಣೆ ಎಷ್ಟು ತಣ್ಣಗಿತ್ತು, ಬಾಗಿಲು ಮುಚ್ಚಿದರೆ ನಾವಿಬ್ಬರೇ, ದಿಂಬಿನ ಪಕ್ಕ ಕರೆಗಂಟೆ, ಅಕ್ಕನಿಗೆ ಎದೆ ಬಿಗಿದಾಗ ಬೆರಳಿಟ್ಟೆ, ಒತ್ತಬೇಡ ಕಣೇ, ಊಟದ ಹೊತ್ತು, ಅವರಿಗೂ ಹೊಟ್ಟೆ ಇಲ್ವಾ ಅಂದಳು, ತೆಗೆದೆ, ಜೀವ ಹೋಗುವಾಗಲೂ ಯಾರಿಗೂ ತೊಂದರೆಯಾಗಬಾರದು ಎನ್ನುವವರು ನಾವು, ಆದರೆ ಅಲ್ಲಿಯ ಡಾಕ್ಟರನ್ನು ಬೈಯಲಾರೆ, ಶ್ವಾಸಕೋಶದ ಸುತ್ತ ನೀರು ತುಂಬಿದೆ ಎಂದು ಪತ್ತೆ ಹಚ್ಚಿದವರು ಅವರೇ, ಇದಕ್ಕೆ ಸರ್ಕಾರಿ ದೊಡ್ಡಾಸ್ಪತ್ರೆಯವರ ಕೈ ಪಳಗಿದೆಯಮ್ಮ, ಅಲ್ಲಿಗೇ ಹೋಗಿ ಎಂದವರೂ ಅವರೇ, ಬಂದ ಗಿರಾಕಿಯನ್ನು ಯಾರಾದರೂ ಹೀಗೆ ಬಿಟ್ಟುಕೊಡುತ್ತಾರೆಯೇ, ಅವರ ಹೊಟ್ಟೆ ತಣ್ಣಗಿರಲಿ.

ಇಲ್ಲಿ ಪರದೆಯಿಲ್ಲ, ಗಂಟೆಯಿಲ್ಲ, ಫಿನಾಯಿಲ್ ವಾಸನೆ, ಗಂಡಸರು ಹೆಂಗಸರು ಎನ್ನದೆ ಸಾಲು ಹಾಸಿಗೆ, ನೀರಿಗೆ ಹೋಗುವವರು ತಮ್ಮ ರೋಗಿಯನ್ನು ಪಕ್ಕದವರಿಗೆ ಒಪ್ಪಿಸಿ ಹೋಗುವುದೇ ರೂಢಿ, ಬಂದ ದಿನವೇ ಪಕ್ಕದಾಕೆ ಗಂಡನ ಕಾಲು ಒತ್ತುತ್ತ, ಹೋಗು ತಾಯಿ, ನಿನ್ನಕ್ಕನ್ನ ನಾನೇನು ಕದ್ದುಕೊಂಡು ಹೋಗಲ್ಲ ಎಂದು ನಕ್ಕಿದ್ದಳು, ಇವತ್ತು ಬೆಳಿಗ್ಗೆ ಬಾಟಲಿ ತುಂಬಿಸುತ್ತಿದ್ದೆ, ಮೆಟ್ಟಿಲ ಕೆಳಗಿನವರೆಗೂ ಕೇಳಿತು ಆಕೆಯ ಗಂಟಲು, ಏ ಸಿಸ್ಟರ್, ಓಡಿ ಬಾರಮ್ಮ, ಇವಳ ತುಟಿ ನೀಲಿಯಾಗ್ತಿದೆ — ನಾನು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಸಿಸ್ಟರ್ ಮಾಸ್ಕ್ ಬಿಗಿದಿದ್ದರು, ಡಾಕ್ಟರ್ ಹುಡುಗಿ ಬೆನ್ನಿಗೆ ಸೂಜಿ ಚುಚ್ಚಿ ನೀರು ಇಳಿಸುತ್ತಿದ್ದಳು, ಅಕ್ಕನ ತುಟಿಗೆ ಬಣ್ಣ ಮರಳಿತು, ಪಕ್ಕದಾಕೆ ನನ್ನ ಮೇಲೆ ಹರಿಹಾಯ್ದಳು, ಉಸಿರು ಸಿಗದಿದ್ರೂ ಕೂಗಲ್ವಲ್ಲ ಇವಳು, ಅಕ್ಕತಂಗಿಗೆ ದೇವರು ಬಾಯಿ ಯಾಕೆ ಕೊಟ್ಟಿದ್ದು, ಬರೀ ಉಣ್ಣೋಕಾ.

ಹಿಂದೆ ಸಂಜೆಕಾಲೇಜಿಗೆ ಹೋಗುತ್ತಿದ್ದಾಗ ಎರಡನ್ನು ಹೋಲಿಸಿ ಬರೆಯಿರಿ ಎಂದರೆ ಪುಟದ ನಡುವೆ ಗೆರೆ ಎಳೆಯುತ್ತಿದ್ದೆ, ಸರ್ಕಾರದ್ದು ಈಚೆ, ಖಾಸಗಿಯದು ಆಚೆ, ಈಗ ಆ ಗಂಟಲನ್ನು ಯಾವ ಕಡೆ ಬರೆಯಲಿ, ಯಾರ ಸಂಬಳವನ್ನೂ ಉಣ್ಣದ ಗಂಟಲು, ಕೈ ಮುಗಿಯೋಣವೆಂದು ತಿರುಗಿದರೆ ಆಕೆಯ ಗಂಡನನ್ನು ಸ್ಟ್ರೆಚರಿನಲ್ಲಿ ಆಪರೇಷನ್ನಿಗೆ ಒಯ್ಯುತ್ತಿದ್ದಾರೆ, ಆಕೆ ಹಿಂದೆಯೇ ನಡೆದಳು, ಆತನ ಕಾಲ ಮೇಲಿಂದ ಕೈ ತೆಗೆಯದೆ, ದಿಂಬಿನಲ್ಲಿ ಆತನ ತಲೆಯ ಗುಳಿ ಹಾಗೇ ಇದೆ, ಮಧ್ಯಾಹ್ನವಾಯಿತು, ಆ ಗುಳಿ ಹಾಗೇ ಇದೆ, ಆಯಾ ಬಂದು, ಈ ಬೆಡ್ಡು ಖಾಲಿ ಅಲ್ವಾ, ಬೇರೆಯವರಿಗೆ ಕೊಡ್ಲಾ ಎಂದು ದಿಂಬಿಗೆ ಕೈ ಹಾಕಿದಳು, ಖಾಲಿ ಇಲ್ಲ, ಮುಟ್ಟಬೇಡಿ, ಅವರು ಬರ್ತಾರೆ — ವಾರ್ಡಿಗೆ ವಾರ್ಡೇ ತಿರುಗಿ ನೋಡಿತು, ಅಷ್ಟು ಜೋರಾಗಿ ಕೂಗಿದವಳು ನಾನೇ, ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ದಿಂಬಿನಲ್ಲಿ ಆ ಗುಳಿ.