ತಿಪ್ಪೆಗುಂಡಿ ಪಕ್ಕದ ಮಣ್ಣು

ಗಡ್ಡೆ ದಪ್ಪವಾಗಿತ್ತು. ಬಣ್ಣವೂ ಚೆನ್ನಾಗಿತ್ತು. ಆದರೂ ಯಡೂರಿನ ಲಕ್ಷ್ಮಿಬಾಯಿಯ ಅರಿಷಿಣ ಎರಡನೇ ವರ್ಷವೂ ಹಿಂದಕ್ಕೆ ಬಂತು. ಅರಿಷಿಣಕ್ಕೆ ಔಷಧಿ ಗುಣ ಕೊಡುವ ಅಂಶದ ಹೆಸರು ಕರ್ಕ್ಯುಮಿನ್. ಔಷಧ ತಯಾರಿಸುವ ಕಂಪನಿಯವರು ಪ್ರತಿಯೊಬ್ಬರ ಚೀಲವನ್ನೂ ಪರೀಕ್ಷೆ ಮಾಡಿದಾಗ ಅವಳದ್ದರಲ್ಲಿ ಮಾತ್ರ ಅದು ಕಡಿಮೆ ಇತ್ತು. ಮುಂದಿನ ಸಲವೂ ಹೀಗಾದರೆ ಅವಳ ಮಾಲು ಸೇರಿಸಿಕೊಳ್ಳುವುದಿಲ್ಲ ಎಂದು, ಎಲ್ಲರ ಅರಿಷಿಣ ಒಟ್ಟುಗೂಡಿಸಿ ಮಾರುವ ಮಹಿಳಾ ಸಂಘದ ಸಭೆ ತೀರ್ಮಾನಿಸಿತು. ಆ ಸಂಘ ಕಟ್ಟಿದವಳೇ ಲಕ್ಷ್ಮಿಬಾಯಿ.

ಅವಳು ಬೀಜವನ್ನು ಬೈದಳು. ಆದರೆ ಬೀಜ ಕೊಟ್ಟ ಕರೋಶಿಯ ಕಾಶಿಬಾಯಿಯ ಅರಿಷಿಣ ಪಾಸಾಗಿತ್ತು. ಗಂಡ ನೇಮಿನಾಥ ಕಂಪನಿಯ ಪರೀಕ್ಷೆಯ ಯಂತ್ರವನ್ನು ಬೈದ.

"ಆ ಮಷೀನಿಗೆ ಅರಿಷಿಣದ ರುಚಿ ಏನ್ ಗೊತ್ತೈತಿ? ನಮ್ಮವ್ವ ಹಲ್ಲಾಗ ಕಡದ ಹೇಳ್ತಿದ್ಳು."

ರೈತರಿಗೆ ಬೇಸಾಯದ ಸಲಹೆ ಕೊಡುವ ಊರಿನ ಕೃಷಿ ಸಖಿ ತೃಪ್ತಿ ಮನೆಗೆ ಬಂದಳು. ಬೀಜ ಒಂದೇ ಆದರೂ ಮಣ್ಣು ಬೇರೆಯಾದರೆ ಗಿಡದ ಗುಣ ಬದಲಾಗಬಹುದು ಎಂದು ವಿವರಿಸಿದಳು. ನೀರು ನಿಂತರೆ, ಸವಳು ಅಂದರೆ ಉಪ್ಪಿನಂಶ ಏರಿದರೆ ಬೇರು ಸೊರಗುತ್ತದೆ, ಗಿಡಕ್ಕೆ ಬೇಕಾದ್ದು ಸಿಗುವುದಿಲ್ಲ.

"ಗಿಡಾ ಅಂದ್ರ ಅಡಗಿ ಮಾಡೂ ಹೆಂಗಸಿದ್ದಂಗ ಕಾಕು. ಮನ್ಯಾಗ ಏನ್ ಇರತೈತಿ, ಅದರಾಗ ಮಾಡ್ತಾಳ."

ಲಕ್ಷ್ಮಿಬಾಯಿ ಟ್ರಂಕಿನಿಂದ ಹಳೆಯ ಮಣ್ಣು ಪರೀಕ್ಷೆಯ ಕಾರ್ಡು ತಂದಳು. ಅದರಲ್ಲಿ ಎಲ್ಲವೂ ಚೆನ್ನಾಗಿತ್ತು. ತೃಪ್ತಿ ಕಾರ್ಡು ಹಿಡಿದೇ ಹೊಲಕ್ಕೆ ನಡೆದಳು. ಹೊಳೆ ಕಡೆಯ ತಗ್ಗಿನಲ್ಲಿ ನೆಲದ ಮೇಲೆ ಬಿಳಿ ಉಪ್ಪಿನ ಪದರ ಕಟ್ಟಿತ್ತು. ಈ ಮಣ್ಣಿಗೆ ಇಂಥ ಕಾರ್ಡು ಹೇಗೆ ಬಂತು? ಪರೀಕ್ಷೆಗೆ ಎಲ್ಲಿಯ ಮಣ್ಣು ಕೊಟ್ಟಿರಿ ಎಂದು ಕೇಳಿದಳು.

ಲಕ್ಷ್ಮಿಬಾಯಿ ತಿಪ್ಪೆಯ ಕಡೆ ಕೈ ತೋರಿಸಿದಳು. "ತಿಪ್ಪಿಗುಂಡಿ ಬಾಜೂಕಿಂದು. ಅಲ್ಲೇ ಭಾಳ ಛಲೋ ಐತಿ. ಹೆಣ್ಣ ತೋರಸೂವಾಗ ಮಾರಿ ತೊಳದ ಕುಂದರಸೂದಿಲ್ಲೇನ ಬೇ?"

"ಇದು ಹೆಣ್ಣ ನೋಡೂದಲ್ಲ ಕಾಕು. ಜ್ವರಾ ನೋಡೂದು."

ನೇಮಿನಾಥ ಇನ್ನೂ ಒಪ್ಪಲಿಲ್ಲ. "ಇದ ಹೊಲದಾಗ ಕಬ್ಬ ಬರತೈತಿ. ಅರಿಷಿಣಕ್ಕ ಏನ್ ಧಾಡಿ?"

ತೃಪ್ತಿ ವಾದ ಮಾಡಲಿಲ್ಲ. ತಗ್ಗಿನಲ್ಲಿ ಒಂದು ಮೊಳ ಅಗೆಯಲು ಹೇಳಿದಳು. ಮಣ್ಣು ಗುದ್ದಲಿಗೆ ಅಂಟಿತು. ಅದರೊಳಗಿದ್ದ ಹೋದ ವರ್ಷದ ಬೇರು ಕಪ್ಪಾಗಿ ಕೊಳೆತಿತ್ತು. ನೇಮಿನಾಥ ಅದನ್ನು ಮೂಸಿದ. ಗುದ್ದಲಿ ಹೆಗಲಿಗೇರಿಸಿ, ಮಣ್ಣು ತೆಗೆಯಲು ಹೊಲದ ಮೇಲ್ಭಾಗದ ದಿಬ್ಬದ ಕಡೆ ನಡೆದ.

ಆ ದಿನ ದಿಬ್ಬದಲ್ಲಿ ಹತ್ತು ಕಡೆ, ತಗ್ಗಿನಲ್ಲಿ ಹತ್ತು ಕಡೆ ಮೇಲಿನ ಕಸ ಸರಿಸಿ ಗೇಣು ಆಳ ಅಗೆದರು. ಬದು, ತಿಪ್ಪೆ, ಮರದ ನೆರಳು ಬಿಟ್ಟರು. ಎರಡೂ ಕಡೆಯ ಮಣ್ಣನ್ನು ಬೇರೆ ಬೇರೆಯಾಗಿ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಅರ್ಧ ಕಿಲೋ ಎರಡು ಚೀಲದಲ್ಲಿ ಕಟ್ಟಿದರು. ತಗ್ಗಿನ ಚೀಲಕ್ಕೆ ಹೆಸರು ಬರೆಯುವಾಗ ಲಕ್ಷ್ಮಿಬಾಯಿಯ ಕೈ ಒಮ್ಮೆ ನಿಂತಿತು. ಆಮೇಲೆ ಬರೆದಳು.

ತಗ್ಗಿನಲ್ಲಿ ಸವಳು ಹೆಚ್ಚಿದೆ ಎಂದು ವರದಿ ಬಂತು. ಅಲ್ಲಿ ನೀರು ಬಸಿಯಲು ಕಾಲುವೆ ತೋಡಿ, ಹಸಿರು ಗೊಬ್ಬರಕ್ಕೆ ಡಯಾಂಚ ಬಿತ್ತಿದರು. ಅರಿಷಿಣವನ್ನು ದಿಬ್ಬದಲ್ಲಿ ಮಾತ್ರ ನೆಟ್ಟರು. ಯೂರಿಯಾವನ್ನು ಇಷ್ಟು ದಿನ ಹಾಕುತ್ತಿದ್ದ ಕಬ್ಬಿನ ಲೆಕ್ಕ ಬಿಟ್ಟು, ವರದಿ ಹೇಳಿದಷ್ಟೇ ಹಾಕಿದರು.

ಮುಂದಿನ ಮಾರ್ಚ್‌ನಲ್ಲಿ ಅವಳ ಚೀಲಗಳು ಮೊದಲಿಗಿಂತ ಕಡಿಮೆ ಇದ್ದವು. ಆದರೆ ಪರೀಕ್ಷೆಯಲ್ಲಿ ಎಲ್ಲವೂ ಪಾಸಾದವು. ಸಂಘದ ಮಾಲಿನ ಜೊತೆ ಅವನ್ನು ನೇಮಿನಾಥನೇ ಹೊತ್ತು ಇಟ್ಟ. ಮಷೀನಿನ ಸುದ್ದಿ ಎತ್ತಲಿಲ್ಲ.

ನೀವು ಅರಿಷಿಣ ಬೆಳೆಯುವವರೇ? ಅಶ್ವಗಂಧ, ತುಳಸಿ ಬೆಳೆಯುವವರೇ? ನಾಟಿಗೆ ಮೊದಲೇ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಮಣ್ಣು ಪರೀಕ್ಷೆಯ ಬಗ್ಗೆ ಕೇಳಿ. ಚೀಲ ತುಂಬುವಾಗ ನಿಮಗೆ ತೋರಿಸಲು ನಾಚಿಕೆಯಾಗುವ ಮೂಲೆಯನ್ನು ಬಿಡಬೇಡಿ. ಆ ಮಣ್ಣನ್ನೂ ಬೇರೆ ಚೀಲದಲ್ಲಿ ಒಯ್ಯಿರಿ.