ಮಳೆ ದಿನದ ಕಲೆಕ್ಷನ್

ಮಳೆ ಹಿಡಿದ ದಿನ ನಮ್ಮವರು ಬೇಗ ಮನೆಗೆ ಬರುತ್ತಿದ್ದರು. ಟ್ಯಾಕ್ಸಿ ಓಡಿಸುವವರ ಕಟ್ಟಳೆಯೇ ಹಾಗೆ. ಗಾಡಿ ಇವರದಲ್ಲ. ದಿನಾ ಓನರ್‌ಗೆ ಇಷ್ಟು ಕಟ್ಟಬೇಕು, ಪೆಟ್ರೋಲಿಗೆ ಇಷ್ಟು, ಮನೆಗೆ ಇಷ್ಟು. ಅದೆಲ್ಲ ಸೇರಿದರೆ ಆ ದಿನದ ಕಲೆಕ್ಷನ್. ಕಲೆಕ್ಷನ್ ಆಗುವ ತನಕ ಸ್ಟೀರಿಂಗ್ ಬಿಡುವಂತಿಲ್ಲ, ಆದ ಮೇಲೆ ಯಾರು ಕೈ ಅಡ್ಡ ಹಾಕಿದರೂ ನಿಲ್ಲಿಸುವಂತಿಲ್ಲ. ಇವರ ಸ್ಟ್ಯಾಂಡಿನ ಡ್ರೈವರ್‌ಗಳೆಲ್ಲ ಇದನ್ನೇ ಪಾಲಿಸಿಕೊಂಡು ಬಂದವರು. ಮಳೆ ಬಿದ್ದರೆ ಊರಿಗೆ ಊರೇ ಟ್ಯಾಕ್ಸಿಗೆ ಮುಗಿಬೀಳುತ್ತದೆ, ಮಧ್ಯಾಹ್ನ ಕಳೆಯುವಷ್ಟರಲ್ಲಿ ಕಲೆಕ್ಷನ್ ಆಗಿಬಿಡುತ್ತದೆ, ಇವರು ಮನೆಗೆ. ಬಿಸಿಲು ಕಾಯುವ ದಿನ ಮಾತ್ರ ಖಾಲಿ ಗಾಡಿ ಸುತ್ತಿಸಿ ಸುತ್ತಿಸಿ, ನಾನೂ ಮಗಳೂ ಮಲಗಿದ ಮೇಲೆ ಕಳ್ಳನ ಹಾಗೆ ಬಾಗಿಲು ತೆರೆದು ಬರುತ್ತಿದ್ದರು.

ನಾನು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು. ಮಳೆ ಬಂದರೆ ಬಟ್ಟೆ ಕೊಡುವವರೂ ಇಲ್ಲ, ಒಯ್ಯುವವರೂ ಇಲ್ಲ. ಅಂಗಡಿಯ ಯಜಮಾನಿ ಕರೆಂಟಾದರೂ ಉಳಿಯಲಿ ಎಂದು ನನ್ನನ್ನು ಬೇಗ ಬಿಡುತ್ತಿದ್ದಳು. ಮಗಳು ಗುಬ್ಬಿಗೆ ಹೊರಗೆ ಆಟವಿಲ್ಲ. ಹೀಗೆ ಯಾರೂ ಯೋಚನೆ ಮಾಡದೆ, ಯಾರೂ ಮಾತು ಕೊಡದೆ, ಮಳೆ ಬಂದ ಸಂಜೆ ಮೂವರೂ ಒಂದೇ ಮಂಚದ ಮೇಲೆ. ಇಸ್ಪೀಟು ಆಡುತ್ತಿದ್ದೆವು. ಇವರು ಎಲೆ ಕದಿಯುವುದರಲ್ಲಿ ಎತ್ತಿದ ಕೈ, ಗುಬ್ಬಿ ಅದನ್ನು ಹಿಡಿಯುವುದರಲ್ಲಿ. ಸೋತವರು ಟೀ ಮಾಡಬೇಕು. ನಾನು ಬೇಕೆಂದೇ ಸೋಲುತ್ತಿದ್ದೆ, ಯಾಕೆಂದರೆ ಟೀ ಕುದಿಯುವಷ್ಟು ಹೊತ್ತು ಇವರು ಅಡುಗೆಮನೆಯ ಬಾಗಿಲಿಗೆ ಒರಗಿ ಆ ದಿನ ಗಾಡಿ ಹತ್ತಿದವರ ಕಥೆಯನ್ನೆಲ್ಲ ಹೇಳುತ್ತಿದ್ದರು. ಆಗ ಮದುವೆಯಾದ ಹೊಸತರಲ್ಲಿ ಹೇಗಿದ್ದರೋ ಹಾಗೇ ಕಾಣುತ್ತಿದ್ದರು. ಆ ಸಂಜೆಗಳೆಂದರೆ ನನಗೆ ಪ್ರಾಣ.

ಅದಕ್ಕೆ ಕಲ್ಲು ಹಾಕಿದವನು ನನ್ನ ಸ್ವಂತ ತಮ್ಮ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಾನೆ. ತಿಂಗಳ ಸಂಬಳ, ಗಂಟೆ ಬಾರಿಸಿದರೆ ಒಳಗೆ, ಗಂಟೆ ಬಾರಿಸಿದರೆ ಹೊರಗೆ. ಯಾವ ಹೊತ್ತು ದುಡಿಯಬೇಕು, ಯಾವ ಹೊತ್ತು ಸುಮ್ಮನಿರಬೇಕು ಎಂದು ಜನ್ಮದಲ್ಲಿ ಅವನು ತೀರ್ಮಾನ ಮಾಡಿದವನಲ್ಲ, ಪಾಠ ಮಾತ್ರ ಅದರದ್ದೇ. ಒಂದು ಭಾನುವಾರ ಊಟಕ್ಕೆ ಬಂದಿದ್ದಾಗ, ಬಿಸಿಲ ದಿನ ಇವರು ಹಣ್ಣಾಗಿ ಬರುವುದನ್ನು ನಾನೇ ಅವನ ಮುಂದೆ ತೋಡಿಕೊಂಡೆ. ಅವನಿಗೆ ಅಷ್ಟು ಸಾಕಿತ್ತು. ಕೈ ತೊಳೆದವನೇ ಕ್ಯಾಲೆಂಡರಿನ ಹಳೆಯ ಹಾಳೆ ಕಿತ್ತು, ಹಿಂಬದಿಯಲ್ಲಿ ಒಂದು ಅಡ್ಡ ಗೆರೆ, ಒಂದು ನೆಟ್ಟ ಗೆರೆ, ನಡುವೆ ಒಂದು ಡೊಂಕು ಗೆರೆ ಎಳೆದ. ಒಂದು ಗೆರೆ ಸಂಪಾದನೆಯಂತೆ, ಇನ್ನೊಂದು ವಿರಾಮವಂತೆ. ವಿರಾಮವೂ ಅಂಗಡಿಯಲ್ಲಿ ಕೊಳ್ಳುವ ಸಾಮಾನಿನ ಹಾಗಂತೆ. ಒಂದು ಗಂಟೆ ಸುಮ್ಮನೆ ಕೂತರೆ, ಆ ಗಂಟೆಯಲ್ಲಿ ಎಷ್ಟು ದುಡಿಯಬಹುದಿತ್ತೋ ಅದೇ ಅದರ ಬೆಲೆಯಂತೆ.

"ಭಾವ, ನೀವು ಮಾಡ್ತಿರೋದು ಪೂರ್ತಿ ಉಲ್ಟಾ," ಎಂದ. "ಮಳೆ ದಿನ ನಿಮ್ಮ ಗಂಟೆಗೆ ಒಳ್ಳೇ ರೇಟು. ಆವಾಗ ಮನೇಲಿ ಕೂತ್ರೆ ದುಬಾರಿ ವಿರಾಮ ಕೊಂಡ ಹಾಗೆ. ಗಿರಾಕಿ ಇಲ್ದಾಗ ವಿರಾಮ ಅಗ್ಗ. ಆವಾಗ ಮನೆಗೆ ಬನ್ನಿ, ಮಳೆ ದಿನ ಬಿಡದೆ ಓಡ್ಸಿ. ಕಮ್ಮಿ ಹೊತ್ತು ದುಡೀತೀರಿ, ಜಾಸ್ತಿ ಸಿಗುತ್ತೆ."

ಇವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇಷ್ಟು ವರ್ಷ ಇದು ನನಗೆ ಹೊಳೆಯಲೇ ಇಲ್ಲವಲ್ಲ ಎಂದರು. ನನ್ನ ತಮ್ಮ ಒಂದು ಲೋಟ ಮಜ್ಜಿಗೆ ಕುಡಿದು, ಇವರ ತಲೆಯಲ್ಲಿ ಹುಳ ಬಿಟ್ಟು, ಆರಾಮಾಗಿ ಹೊರಟುಹೋದ.

ಅವನು ಹೇಳಿದ್ದು ಸುಳ್ಳಾಗಿದ್ದರೆ ಕಿವಿ ಹಿಂಡಬಹುದಿತ್ತು. ಹಾಳಾದದ್ದು, ನಿಜವಾಗಿತ್ತು. ದುಡಿಯುವ ಹೊತ್ತು ಕಮ್ಮಿಯಾಯಿತು, ಕೈಗೆ ಬರುವುದು ಹೆಚ್ಚಾಯಿತು. ಗುಬ್ಬಿಗೆ ಶೂ ಬೇಕೆಂದ ವಾರದಲ್ಲೇ ಶೂ ಬಂತು. ಓನರ್ ಇವರನ್ನು ಕಂಡರೆ ಹಲ್ಲು ಬಿಡತೊಡಗಿದ. ಇವರಂತೂ ನನ್ನ ತಮ್ಮ ಕಲಿಸಿದ್ದಕ್ಕೆ ತಾವೇ ಇನ್ನಷ್ಟು ಸೇರಿಸಿದರು. ಬಿಸಿಲ ದಿನವಾದರೂ ಆಫೀಸು ಬಿಡುವ ಹೊತ್ತಿಗೆ ಒಳ್ಳೆ ಬಾಡಿಗೆ ಸಿಗುತ್ತದಲ್ಲವೇ? ಹಾಗಾಗಿ ನಡುಮಧ್ಯಾಹ್ನ ಮನೆ, ಸಂಜೆಯಾಗುತ್ತಲೇ ರಸ್ತೆ. ಊರಿಗೆಲ್ಲ ಬಿಡುವಾದಾಗ ಇವರಿಗೆ ಬಿಡುವಿಲ್ಲ. ಇವರಿಗೆ ಬಿಡುವಾದಾಗ ನಾನು ಇಸ್ತ್ರಿ ಮೇಜಿನ ಮುಂದೆ, ಮಗಳು ಶಾಲೆಯಲ್ಲಿ.

ಖಾಲಿ ಮನೆಯಲ್ಲಿ ಆ ಅಗ್ಗದ ವಿರಾಮವನ್ನು ಏನು ಮಾಡುವುದೆಂದು ಇವರಿಗೆ ತಿಳಿಯದು. ಅಂಡು ಸುಟ್ಟ ಬೆಕ್ಕಿನ ಹಾಗೆ ಒಳಗೆ ಹೊರಗೆ ಓಡಾಡುತ್ತಿದ್ದರಂತೆ, ಪಕ್ಕದ ಮನೆಯ ಅಜ್ಜಿ ಹೇಳಿದರು. ಒಂದು ದಿನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟು, ನಾನು ಸಾರಿಗೆ ಸಕ್ಕರೆ ಹಾಕುವಂತೆ ಮಾಡಿದರು. ಇನ್ನೊಂದು ದಿನ ನಮ್ಮ ಅಂಗಡಿಗೇ ಬಂದು ಕೌಂಟರಿನ ಪಕ್ಕ ನಿಂತುಕೊಂಡರು. ಯಜಮಾನಿ ಇವರನ್ನು ಮೇಲಿಂದ ಕೆಳಗೆ ನೋಡಿ, ಇವರನ್ನೂ ಇಸ್ತ್ರಿಗೆ ಕೊಟ್ಟಿದ್ದಾರಾ ಎಂದು ನನ್ನನ್ನು ಕೇಳಿದಳು. ಅಂಗಡಿಯವರೆಲ್ಲ ನಕ್ಕರು, ಇವರು ನಗಲಿಲ್ಲ. ಹಗಲು ನಿದ್ದೆ ಹೊಡೆದವರಿಗೆ ರಾತ್ರಿ ಮಾತಾಡುವ ಹುಮ್ಮಸ್ಸು, ಇಡೀ ದಿನ ಇಸ್ತ್ರಿ ಪೆಟ್ಟಿಗೆ ಎಳೆದು ಬಂದ ನನಗೆ ರೆಪ್ಪೆ ಎತ್ತಲಾಗದು.

ತಮ್ಮನಿಗೆ ಫೋನ್ ಮಾಡಿ ಉಗಿದೆ. ನಿನ್ನ ಗೆರೆಯಲ್ಲಿ ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ ಎಂದು ಎಲ್ಲಿ ಬರೆದಿದ್ದೀಯ ಎಂದು ಕೇಳಿದೆ. ಅವನು ಬೇಜಾರು ಮಾಡಿಕೊಳ್ಳದೆ, ಅದಕ್ಕೆ ಬೇರೆ ಅಧ್ಯಾಯ ಇದೆ ಅಕ್ಕ, ಮುಂದಿನ ವರ್ಷದವರಿಗೆ ಬರುತ್ತದೆ ಎಂದ.

ಮಳೆ ಸಂಜೆಗಳಲ್ಲಿ ನಾನೂ ಗುಬ್ಬಿಯೂ ಇಬ್ಬರೇ ಆಡಿ ನೋಡಿದೆವು. ಕದಿಯುವವರಿಲ್ಲದ ಆಟ ಸಪ್ಪೆ. ಅಪ್ಪ ಬರುತ್ತಾರಾ ಎಂದು ಮೊದಮೊದಲು ಕೇಳುತ್ತಿದ್ದವಳು, ಆಮೇಲೆ ಮೋಡ ಕವಿದರೆ ಸಾಕು, ಟಿವಿ ನೋಡಲು ಪಕ್ಕದ ಮನೆಗೆ ಹೋಗಿ ಕೂರತೊಡಗಿದಳು. ಕೇಳುವುದನ್ನು ಬಿಟ್ಟಳಲ್ಲ, ಅದು ನನ್ನನ್ನು ಹೆದರಿಸಿತು. ಹೀಗೇ ಬಿಟ್ಟರೆ ಈ ಎರಡು ಕೋಣೆಯಲ್ಲಿ ಮೂರು ಜನ ಬಾಡಿಗೆದಾರರು ಉಳಿಯುತ್ತೇವೆ ಅನ್ನಿಸಿತು. ಇವರನ್ನು ಒಂದು ಮಳೆ ಸಂಜೆಯಾದರೂ ಮನೆಯಲ್ಲಿ ಕೂರಿಸಲೇಬೇಕೆಂದು ಹಠಕ್ಕೆ ಬಿದ್ದೆ.

ಮೊನ್ನೆ ಮಧ್ಯಾಹ್ನ ಆಕಾಶ ಹರಿದುಬಿದ್ದಿತು. ಯಜಮಾನಿ ನನ್ನನ್ನು ಬಿಟ್ಟಳು. ಮನೆಗೆ ಬಂದವಳೇ ಇವರಿಗೆ ಫೋನ್ ಮಾಡಿ, ಈಗಲೇ ಬನ್ನಿ ಎಂದೆ. ಏನಾಯಿತು ಎಂದು ಗಾಬರಿಯಾದರು. ಏನೂ ಆಗಿಲ್ಲ, ಮಳೆ ಬರುತ್ತಿದೆ ಎಂದೆ. ಅದಕ್ಕೇ ಬರಲಾಗದು ಎಂದರು. ಅದಕ್ಕೇ ಬರಬೇಕು ಎಂದು ಫೋನಿಟ್ಟೆ.

ಬಂದರು. ಶರ್ಟು ಬದಲಿಸಲಿಲ್ಲ, ಗಾಡಿಯ ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡು ಮಂಚದ ತುದಿಯಲ್ಲಿ ಕೂತರು. ಅಷ್ಟರಲ್ಲಿ ಶಾಲೆಯಿಂದ ಬಂದಿದ್ದ ಗುಬ್ಬಿ ಕುಣಿದಾಡಿಕೊಂಡು ಎಲೆ ಹಂಚಿದಳು. ಇವರ ಕಣ್ಣು ಎಲೆಯ ಮೇಲಿಲ್ಲ, ಕಿಟಕಿಯಾಚೆ. ಕೈಯಲ್ಲಿ ಉಳಿಸಿಕೊಳ್ಳಬೇಕಾದ ಎಲೆಯನ್ನು ಕೆಳಗೆ ಹಾಕಿದರು, ಸರದಿ ಬಂದದ್ದೂ ತಿಳಿಯಲಿಲ್ಲ. ಗುಬ್ಬಿ ಸ್ವಲ್ಪ ಹೊತ್ತು ಕಾದಳು, ಇವರ ಮುಖ ನೋಡಿದಳು.

"ಅಪ್ಪ ಕದೀತಾನೇ ಇಲ್ಲ," ಎಂದವಳು ಎಲೆ ಒಗೆದು ಪಕ್ಕದ ಮನೆಗೆ ನಡೆದಳು.

ನನಗೆ ರೇಗಿತು. ಇವರು ಎದ್ದು ಕಿಟಕಿಯ ಹತ್ತಿರ ನಿಂತಿದ್ದರು. ಕೆಳಗೆ ರಸ್ತೆಯಲ್ಲಿ ಕೊಡೆ ಮಗುಚಿಕೊಂಡವರು, ಬ್ಯಾಗನ್ನು ತಲೆಯ ಮೇಲೆ ಹಿಡಿದವರು, ಪ್ರತಿಯೊಬ್ಬರ ಕೈಯೂ ಟ್ಯಾಕ್ಸಿಗಾಗಿ ಚಾಚಿತ್ತು. ಜಗಳಕ್ಕೆಂದೇ ಬಾಯಿ ತೆರೆದೆ, ಹೊರಗೆ ಬಂದದ್ದು ಬೇರೆ.

"ಮೊದಲೆಲ್ಲ ಮಳೆ ಬಂದ್ರೆ ಬೇಗ ಬರ್ತಿದ್ರಲ್ಲ," ಎಂದೆ. "ನಮಗೋಸ್ಕರ ತಾನೆ?"

ಸುಳ್ಳು ಹೇಳಲು ಬಾರದ ಗಂಡನನ್ನು ಕಟ್ಟಿಕೊಂಡರೆ ಇದೇ ಪಾಡು.

"ಕಲೆಕ್ಷನ್ ಆಗ್ತಿತ್ತು, ಬರ್ತಿದ್ದೆ," ಎಂದರು. "ಯಾಕೆ ಅಂತ ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ."

ಇಷ್ಟು ವರ್ಷ ನನ್ನ ಮೇಲಿನ ಪ್ರೀತಿ ಎಂದುಕೊಂಡು ಒಳಗೊಳಗೇ ಬೀಗಿದ್ದೆಲ್ಲ ಕಲೆಕ್ಷನ್ನಿನ ಮಹಿಮೆ. ಅಳುವುದೋ, ಕೈಗೆ ಸಿಕ್ಕಿದ್ದನ್ನು ಎಸೆಯುವುದೋ ತಿಳಿಯಲಿಲ್ಲ. ಇವರು ಇನ್ನೂ ಕಿಟಕಿಯ ಸರಳು ಹಿಡಿದೇ ಇದ್ದರು.

"ಆವಾಗ ಕೆಲಸ ಮುಗೀತು ಅನ್ನೋದೊಂದಿತ್ತು," ಎಂದರು. "ಈಗ ಮುಗಿಯೋದೇ ಇಲ್ಲ ಕಣೇ. ಇಲ್ಲಿ ನಿಂತ್ರೆ ಹೊರಗೆ ಎಷ್ಟು ಹೋಯ್ತು ಅಂತ ತಲೇಲಿ ಓಡ್ತಾನೇ ಇರುತ್ತೆ. ಈಗ ಮನೇಲಿ ಇರ್ಬೇಕು ಅಂದ್ರೆ ನಿಮಗೋಸ್ಕರ ಅಂತಾನೇ ಇರ್ಬೇಕು. ಕಷ್ಟ ಆಗುತ್ತೆ."

ಹೋಗಿ ಹಾಗಾದರೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಾಗೆಂದಿದ್ದರೆ ಮರುಮಾತಿಲ್ಲದೆ ಇಳಿದು ಹೋಗುತ್ತಿದ್ದರು, ನಾನೂ ನೆಮ್ಮದಿಯಾಗಿ ಅಳುತ್ತಿದ್ದೆ. ಆದರೆ ನಿಮಗೋಸ್ಕರ ಎಂಬ ಮಾತು ಇವರ ಬಾಯಿಂದ ಬಂದದ್ದು ಅದೇ ಮೊದಲು. ಕಷ್ಟವೆಂದೇ ಬಂದಿರಲಿ, ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

"ಕಷ್ಟಪಟ್ಟೇ ಕೂತ್ಕೊಳ್ಳಿ," ಎಂದೆ.

ಕೂತರು. ಮೊಣಕಾಲು ಕುಣಿಸುತ್ತಿದ್ದರು, ಮಂಚ ಕಿರುಗುಟ್ಟುತ್ತಿತ್ತು. ಸ್ಟ್ಯಾಂಡಿನಿಂದ ಫೋನ್ ಬಂತು. ನನ್ನ ಮುಖ ನೋಡಿದರು. ನಾನು ಗೋಡೆ ನೋಡುತ್ತಾ ಕೂತೆ. ಅದು ಬಡಿದುಕೊಂಡು ಬಡಿದುಕೊಂಡು ತಾನಾಗಿ ನಿಂತಿತು. ಕೆಳಗೆ ಯಾರೋ ಟ್ಯಾಕ್ಸಿ, ಟ್ಯಾಕ್ಸಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಇವರು ತಟ್ಟನೆ ಎದ್ದು ಬಾಗಿಲಿಗೆ ಹೋಗಿ ಚಿಲಕ ತೆಗೆದರು. ನಾನು ಕರೆಯಲಿಲ್ಲ. ಕರೆದು ನಿಲ್ಲಿಸಿದರೆ ಮತ್ತೆ ನನ್ನದೇ ಹಠವಾಗುತ್ತಿತ್ತು. ಹೊಸ್ತಿಲ ಮೇಲೆ ನಿಂತು ಮೆಟ್ಟಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಪಕ್ಕದ ಮನೆಯ ಕಡೆ ಮುಖ ತಿರುಗಿಸಿ, ಇನ್ನೂ ಅದೇ ಅವಸರದಲ್ಲಿ, ಎಲೆ ಹಂಚು ಬಾ ಎಂದು ಮಗಳನ್ನು ಕೂಗಿದರು.